ಗೋಪಣ್ಣನ ಮೂತ್ರಪಿಂಡಕ್ಕೆ ಸನ್ಮಾನ

ಬೆಟಗೇರಿಯ ನಮ್ಮ ನೇಕಾರ ಓಣಿಯಲ್ಲಿ ಶೂರರು ಹುಟ್ಟುವುದು ಅಪರೂಪ. ಗೋಪಣ್ಣ ಹುಟ್ಟಿದ, ಅದೂ ಐವತ್ತು ದಾಟಿದ ಮೇಲೆ, ತಮ್ಮ ಶ್ರೀಧರನ ಎರಡೂ ಮೂತ್ರಪಿಂಡ ಕೈಕೊಟ್ಟಾಗ.

"ನನ್ನ ಕಿಡ್ನಿ ಅವಂಗ ಕೊಡಾಂವ!" ಎಂದು ಚಹಾದಂಗಡಿಯಲ್ಲಿ ಘೋಷಿಸಿದ. "ಮುಂಡರಗಿಯಿಂದ ಲಕ್ಷ್ಮೇಶ್ವರದ ತನಕಾ ಹುಡುಕ್ರಿ, ಇಂಥಾ ಅಣ್ಣ ಸಿಕ್ಕರ ಹೇಳ್ರಿ."

ಓಣಿ ಕರಗಿತು. ಬನಶಂಕರಿ ಗುಡಿಯಲ್ಲಿ ಹಿರಿಯಳಾದ ಗದಿಗೆವ್ವನ ಕೈಯಿಂದ ಶಾಲು, ಹಾರ. ಕೊಡುವ ಮೊದಲೇ ಸನ್ಮಾನ ಮುಗಿಸುವುದು ನಮ್ಮಲ್ಲಿಯ ಪದ್ಧತಿ. ಶಾಲು ಹೊದ್ದವನು ಹಿಂದೆ ಸರಿಯುವುದಿಲ್ಲವೆಂಬ ನಂಬಿಕೆ.

ಗೋಪಣ್ಣನ ಶೌರ್ಯಕ್ಕೆ ಒಂದು ಗುಟ್ಟಿತ್ತು. ರಕ್ತದ ಗುಂಪು ಒಂದೇ ಆದರೂ ಅಂಗಾಂಶವೂ ಹೊಂದಬೇಕು ಎಂದಿದ್ದರು ಡಾಕ್ಟರು. ಸೀರೆಯ ಮೈಗೂ ಸೆರಗಿಗೂ ಎಳೆ ಎಳೆ ಕೊಂಡಿ ಹಾಕಿ ಕೂಡಿಸುವ ನೇಕಾರನಿಗೆ ಹೊಂದಾಣಿಕೆ ಗೊತ್ತಿಲ್ಲವೇ? ಅಣ್ಣನಿಗೆ ಖಾರ, ತಮ್ಮನಿಗೆ ಸಿಹಿ. ಒಂದು ಅಂಚಿನ ಬಣ್ಣಕ್ಕೂ ಇಬ್ಬರೂ ಒಪ್ಪಿದವರಲ್ಲ. ಈ ಜನ್ಮದಲ್ಲಿ ಹೊಂದುವುದಿಲ್ಲ! ಕೀರ್ತಿಯೂ ಬಂತು, ಹೊಟ್ಟೆಯೂ ಉಳಿಯಿತು.

ಪರೀಕ್ಷೆಯ ಫಲ ಕೇಳಲು ಇಬ್ಬರೂ ಹುಬ್ಬಳ್ಳಿಗೆ ಹೋದರು.

"ಅಪ್ಪ-ಅವ್ವನಿಂದ ಬಂದ ಅಂಗಾಂಶದ ಆರೂ ಗುರುತು ಇಬ್ಬರಿಗೂ ಒಂದಽ ಅದಾವ್ರಿ," ಎಂದರು ಡಾಕ್ಟರು. "ನಿಮ್ಮಿಬ್ಬರ ರಕ್ತ ಕೂಡಿಸಿ ನೋಡಿದ್ವಿ, ಜಗಳ ಆಡ್ಲಿಲ್ಲ."

ಹುಟ್ಟಿದಾಗಿನಿಂದ ಕಾದಾಡಿದವರ ರಕ್ತ ಅಂದೇ ರಾಜಿಯಾಗಬೇಕೆ?

"ಇನ್ನೊಮ್ಮೆ ನೋಡ್ರಿ ಸಾಹೇಬ್ರ, ತಪ್ಪಿರಬೇಕು," ಎಂಬ ಮಾತು ಗೋಪಣ್ಣನ ಬಾಯಿಂದ ಜಾರಿಬಿತ್ತು. ಪಕ್ಕದಲ್ಲೇ ಕುಳಿತಿದ್ದ ಶ್ರೀಧರ ನೆಲ ನೋಡಿದ.

ಮರಳುವಾಗ ಗದಗಿನ ರೈಲಿನಲ್ಲಿ ಶ್ರೀಧರನೇ ಬಾಯಿಬಿಟ್ಟ. "ಅಂಜಬ್ಯಾಡಣ್ಣ. ಹೊಂದಲಿಲ್ಲಂತ ಓಣ್ಯಾಗ ನಾನಽ ಹೇಳ್ತೀನಿ."

ಗೋಪಣ್ಣನ ಕಿವಿ ಸುಟ್ಟವು. ಆದರೂ ಬೇಡ ಎನ್ನಲಿಲ್ಲ.

ಶ್ರೀಧರ ಹಾಗೆಯೇ ಹೇಳಿದ. ಗದಿಗೆವ್ವ ಕಣ್ಣೊರೆಸಿಕೊಂಡಳು. "ಇರ್ಲಿ ಬಿಡೋ ಗೋಪಾ, ಕೊಡೂ ಮನಸು ಮಾಡಿದ್ಯಲ್ಲ," ಎಂದು ಸಮಾಧಾನಕ್ಕೆ ಇನ್ನೊಂದು ಶಾಲು ಹೊದಿಸಲು ಬಂದಳು. ಶಾಲಿನ ಆಚೆ ಗುಡಿಯ ಕಟ್ಟೆಯ ಮೇಲೆ ತಮ್ಮನ ಊದಿದ ಕಾಲು ಕಂಡವು.

"ಬ್ಯಾಡಬೇ. ಹೊಂದೇತಿ," ಎಂದ ಗೋಪಣ್ಣ. ಶಂಖದಂಥ ಕಂಠ ಇಲಿಯಷ್ಟಾಗಿತ್ತು.

"ಮತ್ತ ಇಂವ ಯಾಕ ಇಲ್ಲಂದ?"

"ನಾ ಅಂಜಿದ್ನಲ್ಲ, ಅದಕ್ಕ."

ಶಸ್ತ್ರಚಿಕಿತ್ಸೆಗೆ ಹೊರಟ ದಿನ ಅವನು ಯಾರಿಗೂ ಕಾಣದಂತೆ ಹಿಂದಿನ ಸಂದಿಯಿಂದ ನಡೆದ. ಈಗ ಅಣ್ಣತಮ್ಮಂದಿರು ಮತ್ತೆ ಬಣ್ಣಕ್ಕಾಗಿ ಜಗಳವಾಡುತ್ತಾರೆ. ಯಾರಾದರೂ "ದಾನಶೂರ" ಎಂದರೆ ಮಾತ್ರ ಗೋಪಣ್ಣ ತಲೆ ಬಗ್ಗಿಸಿ ಮಗ್ಗದ ಕೆಳಗೆ ಲಾಳಿ ಹುಡುಕುತ್ತಾನೆ. ಲಾಳಿ ಅವನ ಕೈಯಲ್ಲೇ ಇರುತ್ತದೆ.