ಬುಡ ಮೇಲಾದ ಕಾಲು

ಹಳೆಯ ಸಾಗವಾನಿಯನ್ನು ಗರಗಸ ಕೊಯ್ಯುವಾಗ ಏಳುವ ಒಗರು ವಾಸನೆ ಎಲ್ಲಿ ಬಂದರೂ ಇಂದಿಗೂ ನಾನು ಮೂಗಿಗೆ ಸೆರಗು ಒತ್ತಿಕೊಳ್ಳುತ್ತೇನೆ. ನಿಮಗದು ಸುವಾಸನೆ ಇದ್ದೀತು, ನನಗೆ ಅಪ್ಪ ಜೀವಮಾನವಿಡೀ ಹೊತ್ತ ಭಯದ ವಾಸನೆ. ಇರಕಲ್ಲಗಡದ ನಮ್ಮ ಪಡಸಾಲೆಯ ತುಂಬ ಮುರಿದ ಕುರ್ಚಿ, ಗೆದ್ದಲು ಹಿಡಿದ ಪೆಟ್ಟಿಗೆ, ಕಾಲಿಲ್ಲದ ಪಲ್ಲಂಗಗಳು ಬಿದ್ದಿರುತ್ತಿದ್ದವು. ಕುಷ್ಟಗಿ, ಯಲಬುರ್ಗಾ ಕಡೆಯ ಗೌಡರ ದೊಡ್ಡ ವಾಡೆಗಳಿಂದ ದುರಸ್ತಿಗೆಂದು ಚಕ್ಕಡಿಯಲ್ಲಿ ಹೇರಿಕೊಂಡು ಬರುತ್ತಿದ್ದರು. ನಿಮ್ಮ ಅಜ್ಜನ ಕುರ್ಚಿಯೂ ಬಂದಿದ್ದೀತು. ‘ಮಾನಪ್ಪಗ ಹಳೇ ಸಾಮಾನಂದ್ರ ಜೀವ’ ಎಂದು ಊರು ಅಪ್ಪನನ್ನು ಹೊಗಳುತ್ತಿತ್ತು. ಜೀವವೇನೋ ಹೌದು, ಯಾರ ಜೀವ ಎಂಬುದು ಮನೆಯವರಿಗಷ್ಟೇ ಗೊತ್ತಿತ್ತು.

ಮೊದಲು ಅಪ್ಪ ಕುಂಟೆ, ಕೂರಿಗೆ, ಚಕ್ಕಡಿ ಮಾಡುವ ಬಡಿಗೇರ. ನಿಜಾಮರ ಆಳಿಕೆಯ ಕಡೆಗಾಲ, ನಾನಿನ್ನೂ ಪರಕರ ಉಡುವ ಹುಡುಗಿ. ಊರ ಗೌಡರ ಮಗಳು ಗಂಗವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳಿಗೆಂದು ಮುತ್ತಜ್ಜಿಯ ಪಲ್ಲಂಗವನ್ನು ಅಟ್ಟದಿಂದ ಇಳಿಸಿದರೆ ಒಂದು ಕಾಲು ಟೊಳ್ಳಾಗಿತ್ತು. ಗೌಡರ ಅವಸರಕ್ಕೆ ಅಪ್ಪ ಹೊಸ ಕಾಲು ಕಡೆದು, ಮುಸ್ಸಂಜೆಯ ಮಬ್ಬಿನಲ್ಲೇ ಕೂಡಿಸಿ ಬಂದ. ನಮ್ಮವರಲ್ಲೊಂದು ಕಟ್ಟಳೆ ಇತ್ತು. ಕಂಬವಿರಲಿ, ಮಂಚದ ಕಾಲಿರಲಿ, ಮರ ಬೆಳೆದಂತೆಯೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ತಪ್ಪಿದರೆ ಆ ಮನೆಯೇ ಬುಡಮೇಲು.

ಬರುವ ಕೂಸಿಗೆಂದು ಗೌಡರು ಹೇಳಿ ಮಾಡಿಸಿದ್ದ ತೊಟ್ಟಿಲನ್ನು ಅಪ್ಪ ವಾಡೆಗೆ ಒಪ್ಪಿಸಲು ಹೋದ ದಿನ ನಾನೂ ಜೊತೆಗಿದ್ದೆ. ಗಂಗವ್ವನಿಗೆ ಬೇನೆ ಶುರುವಾಗಿತ್ತು. ತೆರೆದ ಬಾಗಿಲಿನಿಂದ ಅಪ್ಪನ ಕಣ್ಣು ಪಲ್ಲಂಗದ ಕಾಲಿನ ಮೇಲೆ ಬಿತ್ತು. ಕೊಂಬೆ ಒಡೆದ ಗಂಟು ಮೇಲೆ ನೋಡಬೇಕಾದದ್ದು ನೆಲಕ್ಕೆ ಮುಖ ಮಾಡಿತ್ತು. ಮಬ್ಬಿನಲ್ಲಿ ಅವನೇ ಕಾಲನ್ನು ಬುಡ ಮೇಲಾಗಿ ಕೂಡಿಸಿದ್ದ.

‘ಅವ್ವಾರ, ಒಂದ್ ತಾಸು ಆಕೀನ ಕೆಳಗ ಮಲಗಸ್ರಿ. ಬ್ಯಾರೆ ಕಾಲು ಹಾಕ್ತೀನ್ರಿ’ ಎಂದು ಅಂಗಲಾಚಿದ.

‘ಕೂಸು ಬರೂ ಹೊತ್ತಿನ್ಯಾಗ? ತಲಿ ಕೆಟ್ಟೈತೇನೋ ಮಾನಪ್ಪ? ಹೊರಗ ನಡಿ’ ಎಂದು ಗೌಡಸಾನಿ ಗದರಿದರು.

ಕಾರಣ ಹೇಳದೆಯೇ ಅಪ್ಪ ಹೊರಗೆ ಬಂದ. ನೋವು ತಿನ್ನುವ ಹುಡುಗಿಯ ಕಿವಿಗೆ ಅಂಥ ಮಾತು ಬೀಳಬಾರದಲ್ಲ. ವಾಡೆಯ ಕಟ್ಟೆಯ ಮೇಲೆ ಕೂತ, ನನ್ನ ಕೈ ನೋಯುವಷ್ಟು ಬಿಗಿಯಾಗಿ ಹಿಡಿದು. ಒಳಗಿನ ನರಳಿಕೆ ನಿಂತಿತು, ಕೂಸಿನ ಅಳು ಮಾತ್ರ ಕೇಳಲಿಲ್ಲ. ತಾಯಿಯೂ ಉಳಿಯಲಿಲ್ಲ.

ಅಂಥ ಸಾವು ಕಂಡ ಮಂಚ ಮನೆಯಲ್ಲಿರಬಾರದೆಂದು, ಒಡೆದು ಒಲೆಗೆ ಹಾಕು ಎಂದು ಗೌಡರು ಅದನ್ನು ನಮ್ಮಲ್ಲಿಗೇ ಕಳಿಸಿದರು. ಅಪ್ಪ ಒಡೆಯಲಿಲ್ಲ. ಆ ಕಾಲು ಕಿತ್ತು, ಹಳೆಯ ತೊಲೆಯಿಂದ ಬೇರೊಂದನ್ನು ಕಡೆದು, ಬುಡ ಕೆಳಗಿಟ್ಟು ಕೂಡಿಸಿದ. ಅಲ್ಲಿಂದ ಮುಂದೆ ಅವನು ಹೊಸದೊಂದನ್ನೂ ಮಾಡಲಿಲ್ಲ. ಹಿಂದಿನವರು ಸರಿಯಾಗಿ ನಿಲ್ಲಿಸಿದ್ದನ್ನು ಹಾಗೆಯೇ ನಿಲ್ಲಿಸುವುದೇ ಅವನ ಕಸುಬಾಯಿತು, ಅದರಲ್ಲೇ ಹೆಸರೂ ಬಂತು.

ಎಷ್ಟೋ ವರ್ಷಗಳ ಮೇಲೆ, ಅಂದು ಹೆರಿಗೆ ಮಾಡಿಸಿದ ಸೂಲಗಿತ್ತಿ ನಮ್ಮ ಮನೆಗೆ ಬಂದಾಗ ಅವ್ವ ತಡೆಯಲಾರದೆ ಪಲ್ಲಂಗದ ಮಾತು ತೆಗೆದಳು. ‘ಕೂಸು ಅಡ್ಡ ತಿರಿಗಿತ್ತವ್ವ. ಕೊಪ್ಪಳದ ದವಾಖಾನಿಗೆ ಒಯ್ದಿದ್ರ ಉಳೀತಿದ್ಲೇನೋ. ಮಂಚ ಏನ್ ಮಾಡೀತು ಪಾಪ’ ಎಂದಳು ಮುದುಕಿ. ಅವ್ವ ಅಳುತ್ತಲೇ ಪಡಸಾಲೆಗೆ ಓಡಿಬಂದು ಅಪ್ಪನಿಗೆ ಹೇಳಿದಳು. ಅವನ ಎದೆಯ ಭಾರ ಇಂದಿಗಾದರೂ ಇಳಿಯಿತೆಂದು ನನಗೆ ಎಷ್ಟು ಸಂತೋಷವಾಯಿತು! ಅಪ್ಪ ಎಲ್ಲ ಕೇಳಿಸಿಕೊಂಡು ‘ಹೌದೇನು’ ಎಂದ. ಆಮೇಲೆ ಎದುರಿಗಿದ್ದ ಕುರ್ಚಿಯನ್ನು ಮಗುಚಿ, ಬುಡ ಯಾವ ಕಡೆಗಿದೆ ಎಂದು ಒಂದೊಂದೇ ಕಾಲಿನ ಗಂಟುಗಳನ್ನು ಬೆರಳಿನಿಂದ ತಡವಿ ನೋಡತೊಡಗಿದ.