ತಳಕ್ಕೆ ಅಂಟಿದ ಹಿಟ್ಟು

ನಮ್ಮ ಆಫೀಸಿನಲ್ಲಿ ಯಾರ ಹುಟ್ಟುಹಬ್ಬ ಬಂದರೂ ಕೇಕು ಕತ್ತರಿಸುತ್ತಿದ್ದೆವು. ರೆಕಾರ್ಡ್ ರೂಮಿನ ಮೇಡಂ ತಮ್ಮ ಪಾಲಿನ ತುಂಡನ್ನು ನಗುತ್ತಲೇ ತೆಗೆದುಕೊಂಡು, ಟಿಶ್ಯೂ ಕಾಗದದಲ್ಲಿ ಸುತ್ತಿ, "ಆಮೇಲೆ ತಿಂತೀನಿ" ಎಂದು ಮೆಟ್ಟಿಲಿಳಿದು ಹೋಗುತ್ತಿದ್ದರು. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು. ನಾವು ಅವರಿಗೆ 'ಟಿಶ್ಯೂ ಮೇಡಂ' ಎಂದು ಹೆಸರಿಟ್ಟೆವು. ಜಂಬ ಎಂದೆವು, ಜಿಪುಣಿ ಎಂದೆವು. ಆ 'ನಾವು' ಎಂಬುದರಲ್ಲಿ ನಾನೂ ಇದ್ದೆ, ನುಣುಚಿಕೊಳ್ಳುವುದಿಲ್ಲ.

ಆ ತುಂಡು ಎಲ್ಲಿಗೆ ಹೋಗುತ್ತಿತ್ತು ಎಂಬುದು ಒಬ್ಬರಿಗೆ ಮಾತ್ರ ಗೊತ್ತಿತ್ತು: ಚಹಾ ಮಾಡಿ, ಕಪ್ಪು ತೊಳೆದು, ಕಸದ ಬುಟ್ಟಿ ಖಾಲಿ ಮಾಡುವ ಚಹಾದಮ್ಮನಿಗೆ. ಬುಟ್ಟಿಯ ತಳದಲ್ಲಿ ಟಿಶ್ಯೂ ಗಂಟು ಕಂಡಾಗಲೆಲ್ಲ ಅವರಿಗೆ ಮೈ ಉರಿಯುತ್ತಿತ್ತಂತೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು.

"ಅಕ್ಕಾ, ಬೇಡ ಅಂದ್ರೆ ಬೇಡ ಅನ್ನಿ. ತಿನ್ನೋದನ್ನ ಕಸಕ್ಕೆ ಹಾಕ್ತಾರಾ ಯಾರಾದ್ರೂ?"

"ಗೋಧಿ ನಂಗೆ ವಿಷ ಕಣಮ್ಮಾ. ಮೈದಾನೂ ಗೋಧೀನೇ ತಾನೆ? ಒಂದು ಚೂರು ಒಳಗೆ ಹೋದ್ರೂ ವಾರಗಟ್ಟಲೆ ಕರುಳು ಹಿಂಡಿ ಹಾಕುತ್ತೆ."

"ಮತ್ತೆ ಇವರಿಗೆ ಹೇಳಬಾರದಾ?"

"ಮೊದಲನೇ ವರ್ಷ ಹೇಳ್ದೆ. 'ಒಂದು ತುಂಡಿಗೆ ಏನಾಗಲ್ಲ ಬಿಡಿ' ಅಂದ್ರು. ಪ್ರತಿ ಸಲ ವಾದ ಮಾಡೋದಕ್ಕಿಂತ ಸುತ್ತಿಟ್ಕೊಳ್ಳೋದೇ ವಾಸಿ."

ಒಂದು ತುಂಡಿಗೆ ಏನಾಗಲ್ಲ! ಇನ್ನೊಬ್ಬರ ಹೊಟ್ಟೆಯ ವಿಷಯ ಬಂದರೆ ಎಲ್ಲರೂ ಡಾಕ್ಟರರೇ.

ಮೇಡಂ ನಿವೃತ್ತರಾಗುವ ತಿಂಗಳು ಬಂತು. ಕೊನೆಯ ದಿನದ ಕೇಕನ್ನು ಮೇಡಂಗೆ ತಿಳಿಯದ ಹಾಗೆ ತಾನೇ ಮಾಡಬೇಕು, ಮೇಡಂ ಅದನ್ನು ಎಲ್ಲರೆದುರು ತಿನ್ನಬೇಕು ಎಂದು ಚಹಾದಮ್ಮ ನಮಗೆ ಇದನ್ನೆಲ್ಲ ಹೇಳಿ ಹಟ ಹಿಡಿದರು. ಇಲ್ಲಿಗೆ ಬರುವ ಮುಂಚೆ ಅವರು ಹನ್ನೆರಡು ವರ್ಷ ಬೇಕರಿಯೊಂದರಲ್ಲಿ ದುಡಿದವರು. ಕೇಕು ಮಾಡುವ ಕೆಲಸವಲ್ಲ. ಅಚ್ಚುಗಳಿಗೆ ಬೆಣ್ಣೆ ಸವರಿ, ಮೈದಾ ಉದುರಿಸಿ, ತಟ್ಟಿ ಜೋಡಿಸಿಡುವ ಕೆಲಸ. ಉಳಿದದ್ದನ್ನು ನೋಡಿ ನೋಡಿಯೇ ಕಲಿತಿದ್ದರು. ಈಗ ಕೈಯಲ್ಲಿದ್ದದ್ದು ಪ್ಯಾಂಟ್ರಿಯ ಹಳೇ ಮೈಕ್ರೋವೇವ್ ಒಂದೇ.

ಎರಡು ಶನಿವಾರ ಪ್ರಯೋಗ ನಡೆಯಿತು. ಮೊದಲನೆಯದನ್ನು ವಾಚ್‌ಮನ್ ಮೇಜಿಗೆ ಕುಟ್ಟಿ ನೋಡಿ, "ಕಾಂಪೌಂಡಿಗೆ ಒಂದು ಇಟ್ಟಿಗೆ ಕಮ್ಮಿ ಇತ್ತು ಕಣಮ್ಮಾ, ಸಿಕ್ತು" ಎಂದ. ಎರಡನೆಯದು ಮೆತ್ತಗಿತ್ತು, ಆದರೆ ಜ್ವರ ಬಂದ ಮುಖದ ಹಾಗೆ ಬಿಳಿಚಿಕೊಂಡಿತ್ತು. ಮೈಕ್ರೋವೇವ್‌ನಲ್ಲಿ ಕೇಕಿಗೆ ಬಣ್ಣ ಬರುವುದಿಲ್ಲ. ಚಹಾದಮ್ಮ ಸಕ್ಕರೆಯನ್ನು ಕಪ್ಪಾಗುವಷ್ಟು ಸುಟ್ಟು, ಆ ಪಾಕದಿಂದ ಬಣ್ಣ ತಂದರು. ಅಕ್ಕಿ ತೊಳೆದು ಒಣಗಿಸಿ ತಾವೇ ಪುಡಿ ಮಾಡಿದರು, ಬಾದಾಮಿ ಪುಡಿ ಬೆರೆಸಿದರು. ದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ ಎರಡು ದಿನ ಕಿತ್ತಳೆ ರಸದಲ್ಲಿ ನೆನೆದವು. ಬೇಕಿಂಗ್ ಪೌಡರಿನ ಡಬ್ಬಿಯನ್ನು ನನ್ನ ಮೂಗಿಗೇ ಹಿಡಿದು, "ಪತ್ರಿಕೆಗೆ ಬರೆಯೋರಲ್ವಾ, ಇದರಲ್ಲಿ ಗೋಧಿ ಗೀಧಿ ಇದೆಯಾ ಓದಿ ಹೇಳಿ" ಎಂದರು. ಇರಲಿಲ್ಲ.

ಸಮಾರಂಭ ನಾಲ್ಕು ಗಂಟೆಗೆ. ಎರಡೂವರೆಗೆ, ತಿಕ್ಕಿ ತೊಳೆದ ಮೈಕ್ರೋವೇವ್‌ನಿಂದ ಗಾಜಿನ ಬಟ್ಟಲು ಹೊರಬಂತು. ಆರಿದ ಮೇಲೆ ಮಗುಚಿದರೆ ಕೇಕು ಎಲ್ಲೂ ಅಂಟದೆ ಜಾರಿ ತಟ್ಟೆಗಿಳಿಯಿತು. ಕಂದು ಬಣ್ಣ, ಉಬ್ಬಿದ ದ್ರಾಕ್ಷಿ, ಕೋಣೆ ತುಂಬ ಕಿತ್ತಳೆಯ ಘಮ. ವಾಸನೆ ಹಿಡಿದು ಬಂದ ಮ್ಯಾನೇಜರರೂ "ಭೇಷ್" ಎಂದರು.

ಚಹಾದಮ್ಮ ಮಾತ್ರ ಕೇಕಿನ ಮೇಲೆ ಬಗ್ಗಿದರು. ಮೇಲಾಗಿದ್ದ ತಳದಲ್ಲಿ ಬಿಳಿ ಪುಡಿ ತೆಳ್ಳಗೆ ಅಂಟಿತ್ತು. ಅದನ್ನು ಉಗುರಿನಿಂದ ಕೆರೆದು ಎರಡು ಬೆರಳ ನಡುವೆ ಉಜ್ಜಿದರು. ಅವರ ಅಕ್ಕಿ ಹಿಟ್ಟು ತರಿತರಿ. ಇದು ರೇಷ್ಮೆಯ ಹಾಗೆ ನುಣ್ಣಗಿತ್ತು.

"ಬೆಳಿಗ್ಗೆ ಮನೇಲೇ ಬಟ್ಟಲಿಗೆ ಬೆಣ್ಣೆ ಸವರಿ ತಂದೆ" ಎಂದರು, ತಮಗೆ ತಾವೇ. "ಕೈ ತಾನಾಗೇ ಮೈದಾ ಡಬ್ಬಕ್ಕೆ ಹೋಗಿದೆ. ಹಾಳು ಕೈ!"

"ಅಷ್ಟೇನಾ?" ಎಂದರು ಮ್ಯಾನೇಜರರು. "ತಳ ಹೆರೆದು ಹಾಕಿ. ಚಿಟಿಕೆ ಹಿಟ್ಟಿಗೆ ಏನಾಗಲ್ಲ. ಯಾರಿಗೆ ಗೊತ್ತಾಗುತ್ತೆ?"

"ಅಕ್ಕನ ಕರುಳಿಗೆ ಗೊತ್ತಾಗುತ್ತೆ ಸಾರ್."

ನಾನೋ, ಅನ್ಯಾಯದ ಬಗ್ಗೆ ವಾರವಾರ ಕಾಲಂ ತುಂಬಿಸುವವನು, 'ಹೆರೆದರೆ ಸಾಕಿತ್ತೇನೋ' ಎಂದೇ ಒಳಗೊಳಗೆ ಲೆಕ್ಕ ಹಾಕುತ್ತಿದ್ದೆ. ಆ ಹೆಂಗಸು ವಾರಗಳ ಶ್ರಮವನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ತಳ್ಳಿದರು.

ಇಟ್ಟಿಗೆಯ ಅನುಭವದಿಂದ, ಕೈಕೊಟ್ಟರೆ ಇರಲಿ ಎಂದು ಅರ್ಧ ಪಾಲು ಸಾಮಾನನ್ನು ಬೇರೆ ತೆಗೆದಿಟ್ಟಿದ್ದರು. ಆದರೆ ಬಟ್ಟಲು? ಪ್ಯಾಂಟ್ರಿಯ ಪಾತ್ರೆ, ಸ್ಪಂಜು, ಎಲ್ಲಕ್ಕೂ ಬ್ರೆಡ್ಡು ಬಿಸ್ಕತ್ತು ಸೋಕಿತ್ತು. ಗೋಧಿ ಸೋಕದ ಪಾತ್ರೆ ಇಡೀ ಕಟ್ಟಡದಲ್ಲಿ ಒಂದೇ: ಮೇಡಂ ಊಟ ತರುವ ಗಾಜಿನ ಡಬ್ಬಿ.

ಚಹಾದಮ್ಮ ಮೆಟ್ಟಿಲಿಳಿದರು. ನಾನೂ ಹಿಂದೆಯೇ ಹೋದೆ. ಕಡತಗಳ ನಡುವೆ ಚೀಲ ಕಟ್ಟಿಕೊಳ್ಳುತ್ತಿದ್ದ ಮೇಡಂ ಎದುರು ನಿಂತು, ಗುಟ್ಟನ್ನೂ ತಪ್ಪನ್ನೂ ಒಟ್ಟಿಗೇ ಹೇಳಿಬಿಟ್ಟರು.

"ನನ್ನ ಕೈಯಾರೆ ನಿಮಗೆ ವಿಷ ಹಾಕ್ತಿದ್ದೆ ಅಕ್ಕಾ. ಇನ್ನೊಂದು ಸಲ ಮಾಡ್ಲಾ? ನಂಬ್ತೀರಾ?"

ಮೇಡಂ ಕಟ್ಟಿದ್ದ ಚೀಲ ಬಿಚ್ಚಿ ಡಬ್ಬಿ ತೆಗೆದರು. "ಊಟ ಆದ್ಮೇಲೆ ನಾನೇ ತೊಳೆದಿದ್ದು. ನಡಿ, ನಾನೂ ಬರ್ತೀನಿ. ಏನೂ ಹೇಳದೆ ತಿನ್ನಿಸೋರನ್ನ ಬೇಕಾದಷ್ಟು ನೋಡಿದ್ದೀನಿ. ತಪ್ಪಾಯ್ತು ಅಂತ ಬಂದೋಳು ನೀನೊಬ್ಬಳೇ."

ಚಹಾದಮ್ಮ ಮೊಳಕೈವರೆಗೆ ಕೈ ತೊಳೆದು, ಮೈಕ್ರೋವೇವ್ ಮತ್ತೆ ಒರೆಸಿ, ಡಬ್ಬಿಗೆ ಬರೀ ಬೆಣ್ಣೆ ಸವರಿ, ಅದರಲ್ಲೇ ಕೈಯಿಂದ ಹಿಟ್ಟು ಕಲಸಿ ಇಟ್ಟರು. ಆರು ನಿಮಿಷ. ಇಬ್ಬರೂ ಮಕ್ಕಳ ಹಾಗೆ ಬಾಗಿಲಿನ ಗಾಜಿಗೆ ಹಣೆ ಹತ್ತಿರ ತಂದು ನಿಂತರು. ಒಳಗೆ ಹಳದಿ ಬೆಳಕಿನಲ್ಲಿ ಡಬ್ಬಿ ಮೆಲ್ಲಗೆ ತಿರುಗುತ್ತಿತ್ತು. ಹಿಟ್ಟು ಒಮ್ಮೆ ನಡುಗಿತು. ಆಮೇಲೆ ಅಂಚಿನಿಂದ ಎದ್ದಿತು, ನಡುವೆ ಉಬ್ಬಿತು.

"ಏಳ್ತಾ ಇದೆ ಕಣೇ!" ಎಂದರು ಮೇಡಂ, ಪಿಸುಮಾತಿನಲ್ಲಿ. ಮೊದಲ ಸಲ 'ಕಣೇ' ಎಂದಿದ್ದರು.

ನಾನು ಕಂಡ ಸನ್ಮಾನಗಳಿಗೆ ಲೆಕ್ಕವಿಲ್ಲ. ಯಾವ ವೇದಿಕೆಯ ಎದುರೂ ನನಗೆ ಹಾಗೆ ಮೈ ಜುಮ್ಮೆಂದಿಲ್ಲ.

ನಾಲ್ಕು ಗಂಟೆಗೆ ದೊಡ್ಡ ಕೇಕನ್ನು ದೂರದ ಮೇಜಿನಲ್ಲಿ, ಬೇರೆ ಚಾಕುವಿನಿಂದ ಕತ್ತರಿಸಿ ನಾವು ತಿಂದೆವು. ಚಿಕ್ಕದರ ಮೊದಲ ತುಂಡನ್ನು ಚಹಾದಮ್ಮ ಮೇಡಂ ಕೈಗಿಟ್ಟರು. ಮ್ಯಾನೇಜರರು ರೂಢಿಯಂತೆ ಟಿಶ್ಯೂ ಚಾಚಿದರು.

ಮೇಡಂ ಅದನ್ನು ತೆಗೆದುಕೊಂಡರು. ನಿಂತಲ್ಲೇ ಪೂರ್ತಿ ತುಂಡು ತಿಂದು, ಅದರಲ್ಲಿ ಬೆರಳು ಒರೆಸಿಕೊಂಡು, ಬರಿಗೈಯನ್ನು ಚಹಾದಮ್ಮನ ಕಡೆ ಚಾಚಿದರು.

"ಇನ್ನೊಂದು ಕೊಡೇ."