ಎದೆಯ ಮೇಲೆ ಬಿದ್ದ ಬೆಳಕಿನ ಬಿಲ್ಲೆ

ಕಳೆದ ತಿಂಗಳು ಕೂಟಗಲ್ ಕಡೆಯ ಒಂದು ಊರಿಗೆ ಹೋಗಿದ್ದೆ. ಚಿರತೆಯೊಂದು ಕೊಟ್ಟಿಗೆಗೆ ನುಗ್ಗಿ ಕುರಿ ಎತ್ತಿಕೊಂಡು ಹೋಗಿತ್ತು. ವಿವರ ಬರೆದುಕೊಂಡು ಜಗಲಿಯಿಂದ ಏಳುವಾಗ ಒಳಗಿನ ಗೋಡೆಯ ಮೇಲೆ ಆ ಫೋಟೊ ಕಂಡಿತು. ಗುಡಿಯ ಮುಂದೆ ಬಿಳಿ ಪಂಚೆಯುಟ್ಟ ಒಬ್ಬ ಯುವಕ, ಕೈಯಲ್ಲಿ ತಾಮ್ರದ ಬಿಂದಿಗೆ. ಅವನ ಎದೆಯ ಮೇಲೆ ಓರೆಯಾಗಿ ಇಳಿದ ದುಂಡನೆಯ ಬೆಳಕಿನ ಬಿಲ್ಲೆಗಳು. ಎಲ್ಲಕ್ಕಿಂತ ದೊಡ್ಡ ಬಿಲ್ಲೆಯ ಮೇಲೆ, ಗಾಜಿಗೆ, ಯಾರೋ ಕುಂಕುಮ ಇಟ್ಟಿದ್ದರು. ಯುವಕನ ಭುಜದ ಹಿಂದೆ ಇನ್ನೊಬ್ಬ ನಿಂತಿದ್ದ. ಆದರೆ ಅವನ ಮುಖ ನೀರು ಬಿದ್ದ ಬಣ್ಣದಂತೆ ಕರಗಿತ್ತು. ಅಲ್ಲೊಬ್ಬ ಮನುಷ್ಯ ಇದ್ದಾನೆ ಎಂಬುದಷ್ಟೇ ತಿಳಿಯುತ್ತಿತ್ತು. ಆ ಮಸುಕಾದವನೇ ಈ ಮನೆಯ ಯಜಮಾನ, ಕುರಿ ಕಳೆದುಕೊಂಡ ಕೆಂಪರಾಜು.

ಪಕ್ಕದಲ್ಲಿ ಇನ್ನೊಂದು ಚೌಕಟ್ಟು ಇತ್ತು. ಬಾಗಿಲ ಬೆಳಕು ಬಿದ್ದು ಅದರ ಗಾಜು ಮಾತ್ರ ಹೊಳೆಯುತ್ತಿತ್ತು.

ಎರಡನ್ನೂ ತೆಗೆದವರನ್ನು ರಾಮನಗರದಲ್ಲಿ ನಾವೆಲ್ಲ ಸ್ಟುಡಿಯೊ ಅಕ್ಕ ಎನ್ನುತ್ತಿದ್ದೆವು. ತಂದೆ ನಡೆಸುತ್ತಿದ್ದ ಸ್ಟುಡಿಯೊವನ್ನು ಅವರು ವಹಿಸಿಕೊಂಡಾಗ ಮದುವೆ ಮನೆಗಳಲ್ಲಿ ಕ್ಯಾಮೆರಾ ಹಿಡಿದ ಹೆಂಗಸನ್ನು ಜನ ತಿರುಗಿ ನೋಡುತ್ತಿದ್ದರು. ಕೆಲವೇ ವರ್ಷಗಳಲ್ಲಿ ಅವರು ಬಂದರೆ ಮಾತ್ರ ಮದುಮಗಳು ಸರಿಯಾಗಿ ನಗುತ್ತಾಳೆ ಎಂದು ಹೇಳುವ ಹಾಗಾಯಿತು. ಜಿಲ್ಲಾ ವರದಿಗಾರನಾಗಿದ್ದ ನಾನು ಪತ್ರಿಕೆಗೆ ಬೇಕಾದ ಎಷ್ಟೋ ಚಿತ್ರಗಳನ್ನು ಅವರಿಂದ ಪಡೆದಿದ್ದೇನೆ. ಅಡಿಬರಹ ಏನು ಬರೆಯುತ್ತೀರಿ ಎಂದು ಕೇಳದೆ ಅವರು ಒಂದನ್ನೂ ಕೊಟ್ಟವರಲ್ಲ.

ಗೋಡೆಯ ಆ ಫೋಟೊ ತೆಗೆದ ವರ್ಷ ಅವರು ಬಹಳ ಆಸೆಪಟ್ಟು ಒಂದು ಲೆನ್ಸ್ ಕೊಂಡಿದ್ದರು. ಮುಂದೆ ನಿಂತವರ ರೆಪ್ಪೆಗೂದಲು ಬಿಡಿಬಿಡಿಯಾಗಿ ಕಾಣಬೇಕು, ಹಿಂದಿನದೆಲ್ಲ ಕೆನೆಯಂತೆ ಕರಗಬೇಕು, ಇದು ಆಗ ಅವರ ಹುಚ್ಚು. ಸೂರ್ಯನಿಗೆ ಎದುರಾಗಿ ಕ್ಯಾಮೆರಾ ಹಿಡಿಯುವುದೂ ಅಷ್ಟೇ ಇಷ್ಟ. ಎದುರು ಬಿಸಿಲು ಲೆನ್ಸಿನೊಳಗೆ ಚದುರಿ ಚಿತ್ರದ ಮೇಲೆ ಬಿಲ್ಲೆಗಳಾಗಿ ಬೀಳುವುದನ್ನು ಬೇರೆಯವರು ದೋಷ ಎನ್ನುತ್ತಿದ್ದರು. ಅಕ್ಕ ಅದನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಆ ಊರಿನಲ್ಲಿ ಗುಡಿಯ ಪೂಜಾರಿ ತೀರಿಕೊಂಡಿದ್ದರು. ಅವರಿಗೆ ಗಂಡುಮಕ್ಕಳಿರಲಿಲ್ಲ. ತಮ್ಮಂದಿರ ಮಕ್ಕಳಿಬ್ಬರಲ್ಲಿ ಒಬ್ಬರು ಮುಂದುವರಿಸಬೇಕು. ಒಬ್ಬ ಮಾದೇಶ, ಬಿಡದಿಯ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಇನ್ನೊಬ್ಬ ಕೆಂಪರಾಜು. ಕುರಿ ಕಾಯುತ್ತ, ಚಿಕ್ಕಂದಿನಿಂದಲೂ ಗುಡಿಯ ಪಾತ್ರೆ ತೊಳೆದು ನೀರು ಹೊತ್ತವನು. ಇಬ್ಬರೂ ಒಳ್ಳೆಯವರೇ. ನಿರ್ಧಾರ ಆಗುವ ಮೊದಲು ಒಂದು ಬೆಳಗ್ಗೆ ಗುಡಿ ತೊಳೆದು ಶುದ್ಧ ಮಾಡಿದರು. ಫೋಟೊ ತೆಗೆಯಲು ಅಕ್ಕನನ್ನು ಕರೆಸಿದ್ದರು. ಮಾದೇಶ ಮುಂದಿದ್ದ, ಕೆಂಪರಾಜು ಹಿಂದಿದ್ದ, ಗುಡಿಯ ಹಿಂದಿನ ಬಂಡೆಯ ಮೇಲಿಂದ ಸೂರ್ಯ ಆಗಷ್ಟೇ ಏಳುತ್ತಿದ್ದ... ಅಕ್ಕ ಗುಂಡಿ ಒತ್ತಿದರು.

ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಅಕ್ಕ ಅದನ್ನು ದೊಡ್ಡದು ಮಾಡಿಸಿ ಸ್ಟುಡಿಯೊದ ಮುಂಗಟ್ಟಿನಲ್ಲಿ ಇಟ್ಟರು. ಅಷ್ಟರಲ್ಲಿ ಅದು ಊರಿನ ಫೋನುಗಳಲ್ಲೆಲ್ಲ ಓಡಾಡಿತ್ತು. ಊರಿನವರು ತಮ್ಮ ದೇವತೆಯನ್ನು ಅಮ್ಮ ಎಂದೇ ಕರೆಯುತ್ತಾರೆ. ಅಮ್ಮ ಮಾದೇಶನ ಎದೆಯ ಮೇಲೆ ಬೆಳಕಾಗಿ ಬಂದಿದ್ದಾಳೆ, ಇನ್ನು ಕೂತು ಮಾತಾಡುವುದು ಏನಿದೆ ಎಂದರು. ಬೆಂಗಳೂರಿನ ಸುದ್ದಿಮನೆಗೂ ಚಿತ್ರ ತಲುಪಿ, ಪವಾಡ ಎಂಬ ಮಾತು ಅಡಿಬರಹದಲ್ಲಿರಲಿ ಎಂದು ನನಗೆ ಫೋನ್ ಬಂತು.

ಚಿತ್ರ ಕೇಳಲೆಂದೇ ಸ್ಟುಡಿಯೊಗೆ ಹೋಗಿದ್ದೆ. ನಾನು ಕೂತಿರುವಾಗ ಒಬ್ಬ ವಯಸ್ಸಾದ ಹೆಂಗಸು ಒಳಗೆ ಬಂದರು. ಸೆರಗಿನಲ್ಲಿ ಸುತ್ತಿ ತಂದಿದ್ದ ಅದೇ ಚಿತ್ರದ ಪ್ರತಿಯನ್ನು ಮೇಜಿನ ಮೇಲಿಟ್ಟು, ಹಿಂದಿನ ಮಸುಕಿನ ಮೇಲೆ ಬೆರಳಿಟ್ಟರು.

"ಇವ್ನು ನನ್ ಮಗ ಕಣವ್ವ. ಇವನ್ ಮಕ ಒಸಿ ಕಾಣಂಗೆ ಮಾಡ್ಕೊಡಕ್ಕಾಯ್ತದಾ?"

ಆಗುವುದಿಲ್ಲ ಎಂದರು ಅಕ್ಕ. ಯಾಕೆ ಎಂದು ವಿವರಿಸಲು ಹೊರಟಾಗ ಆಕೆ ತಲೆಯಾಡಿಸಿದರು. ಅವರಿಗೆ ಬೇಕಿದ್ದದ್ದು ಆ ವಿವರವಲ್ಲ. ಚಿತ್ರ ಬಂದ ದಿನದಿಂದ ಮಗ ಗುಡಿಯ ಕಡೆ ಕಾಲಿಟ್ಟಿಲ್ಲ. ಕುರಿಗಳನ್ನೂ ಗುಡಿಯ ದಾರಿ ಬಿಟ್ಟು ಸುತ್ತು ಹಾಕಿಸಿ ಹೊಡೆದುಕೊಂಡು ಹೋಗುತ್ತಾನೆ. ಪೂಜಾರಿಕೆ ಸಿಗದಿದ್ದರೆ ಹೋಗಲಿ, ಅದಕ್ಕೆ ಅವನು ಅಳುವವನಲ್ಲ. ಆದರೆ ಅನ್ನ ಮುಂದಿಟ್ಟಾಗ ಒಂದು ಮಾತು ಆಡಿದ್ದ. ಆ ತಾಯಿ ಅದನ್ನು ಹಾಗೆಯೇ ಹೇಳಿದರು.

"ಅಮ್ಮನೇ ನನ್ನ ಅಳಿಸಾಕ್ಬುಟ್ಟವ್ಳೆ ಕಣವ್ವ ಅಂತಾನೆ."

ಅಕ್ಕ ಎದ್ದು ಮುಂಗಟ್ಟಿನಲ್ಲಿದ್ದ ದೊಡ್ಡ ಚಿತ್ರವನ್ನು ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟರು. ನನ್ನ ಪತ್ರಿಕೆಗೂ ಕೊಡುವುದಿಲ್ಲ ಎಂದರು. ನಾನು ಒತ್ತಾಯಿಸಲಿಲ್ಲ. ಆ ಬೆಳಕು ಹೇಗೆ ಬಿತ್ತೆಂದು ಊರಿನವರಿಗೆ ತೋರಿಸುತ್ತೇನೆ, ನೀವೂ ಬನ್ನಿ, ನೋಡಿದ್ದಷ್ಟನ್ನು ಬರೆಯಿರಿ ಎಂದಷ್ಟೇ ಹೇಳಿದರು.

ಮೊದಲ ಸಲ ಹೋದಾಗ ಮೋಡ. ಊರೆಲ್ಲ ಗುಡಿಯ ಮುಂದೆ ಸೇರಿತ್ತು, ಸೂರ್ಯನೊಬ್ಬ ಬರಲಿಲ್ಲ. ಹುಡುಗರು ನಗಾಡಿದರು. ಒಬ್ಬ, "ಅಮ್ಮ ಅಕ್ಕಂಗೆ ರಜ ಕೊಟ್ಬುಟ್ಲು ಕಣ್ಲಾ" ಎಂದ. ಅಕ್ಕನೂ ನಕ್ಕು, ಅವರು ಕೊಟ್ಟ ಕಾಫಿ ಕುಡಿದು ವಾಪಸಾದರು. ತಮ್ಮ ಅತ್ಯುತ್ತಮ ಚಿತ್ರ ಎಂದು ಅವರೇ ನಂಬಿದ್ದ ಒಂದನ್ನು ಊರ ಮುಂದೆ ಬಿಚ್ಚಿ ತೋರಿಸಲು ಹೊರಟಿದ್ದರು. ಅದು ಸುಲಭವಿರಲಾರದು ಎಂದು ನನಗೆ ಅನ್ನಿಸಿತ್ತು.

ಎರಡನೆಯ ಸಲ ಬಿಸಿಲು ಬಂತು. ಕ್ಯಾಮೆರಾವನ್ನು ಅದೇ ಜಾಗದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಈ ಸಲ ಕೆಂಪರಾಜುವನ್ನು ಮುಂದೆ, ಮಾದೇಶನನ್ನು ಹಿಂದೆ ನಿಲ್ಲಿಸಿದರು. ಕೆಂಪರಾಜು ಬರಲು ಒಪ್ಪಿರಲಿಲ್ಲ. ಕೈಹಿಡಿದು ಕರೆತಂದದ್ದು ಮಾದೇಶನೇ. ಚಿತ್ರ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಮೂಡಿತು. ಬಿಲ್ಲೆಗಳು ಕೆಂಪರಾಜುವಿನ ಎದೆಯ ಮೇಲಿದ್ದವು. ಮಾದೇಶನ ಮುಖ ಕರಗಿಹೋಗಿತ್ತು. ಜನ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಆಮೇಲೆ ಅಕ್ಕ ಕ್ಯಾಮೆರಾದ ಪಕ್ಕ ನಿಂತು, ದೂರದ ಹೊಲ ನೋಡುವವರು ಹಣೆಗೆ ಕೈ ಅಡ್ಡ ಹಿಡಿಯುವಂತೆ ಲೆನ್ಸಿನ ಮೇಲ್ಗಡೆ ಅಂಗೈ ಹಿಡಿದು ಇನ್ನೊಮ್ಮೆ ಗುಂಡಿ ಒತ್ತಿದರು. ಬಿಲ್ಲೆಗಳು ಹೋದವು. ಕೈ ತೆಗೆದರು, ಬಂದವು.

ಊರಿನ ಹಿರಿಯರೊಬ್ಬರು ಕೋಲೂರಿಕೊಂಡು ಎಲ್ಲವನ್ನೂ ನೋಡುತ್ತಿದ್ದರು. ಅವರು ಬಿಟ್ಟುಕೊಡುವವರಲ್ಲ.

"ಕ್ಯಾಮೆರಾ ನಿಂದು, ಒಪ್ದೆ. ಬಿಸ್ಲು ಯಾರ್ದವ್ವಾ?"

ಜನ ನಕ್ಕರು. ಅಕ್ಕ ನಗಲಿಲ್ಲ.

"ಬಿಸ್ಲು ಅಮ್ಮಂದೇ ಕಣಜ್ಜ. ನಾನ್ ನಿಂತ್ಕಂಡ ಜಾಗ ಮಾತ್ರ ನಂದು."

ಯಾರು ಪೂಜಾರಿ ಆಗಬೇಕು ಎಂಬುದು ಊರಿನ ವಿಷಯ, ಅದರಲ್ಲಿ ತನ್ನ ಫೋಟೊವನ್ನು ಸಾಕ್ಷಿ ಮಾಡಿಕೊಳ್ಳಬೇಡಿ ಎಂದು ಅಕ್ಕ ಕೇಳಿಕೊಂಡರು. ನಂತರ ಕೆಂಪರಾಜು ನಿಂತಲ್ಲಿಗೆ ಹೋದರು. ಧ್ವನಿ ತಗ್ಗಿಸಿದ್ದರು. ಹತ್ತಿರವಿದ್ದುದರಿಂದ ನನಗೆ ಕೇಳಿಸಿತು.

"ನಿನ್ನ ಮಸುಕು ಮಾಡ್ದವ್ಳು ಅಮ್ಮ ಅಲ್ಲ ಕಣಪ್ಪ, ನಾನು. ಫೋಟೊ ಚೆಂದ ಬರ್ಲಿ ಅಂತ ಮಾಡ್ದೆ. ಹಿಂದೆ ನೀನಿದ್ದೀಯ ಅಂತ ನೋಡ್ನಿಲ್ಲ."

ಅವನು ಕ್ಯಾಮೆರಾದ ಹತ್ತಿರ ಬಂದು ಬಗ್ಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದ. ಆಮೇಲೆ ಗುಡಿಯೊಳಗೆ ಹೋಗಿ ತಾಮ್ರದ ಬಿಂದಿಗೆ ತೆಗೆದುಕೊಂಡು ಬಾವಿಯ ಕಡೆ ನಡೆದ. ಅವನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನೀರಿಗೆ ಹೊರಟವನ ಬೆನ್ನಿಗೆ ಬಿಸಿಲು ಬಿದ್ದು ಅದು ಒಳ್ಳೆಯ ಚಿತ್ರವಾಗುತ್ತಿತ್ತು. ಅಕ್ಕ ಕ್ಯಾಮೆರಾ ಮುಟ್ಟಲಿಲ್ಲ.

ಊರಿನವರು ಮತ್ತೆ ಕೂತು ಮಾತಾಡಿ, ಒಂದು ವರ್ಷ ಒಬ್ಬ, ಮರುವರ್ಷ ಇನ್ನೊಬ್ಬ ಎಂದು ಸರದಿ ಮಾಡಿದರು. ನಾನು ಫೋಟೊ ಇಲ್ಲದ ಚಿಕ್ಕ ಸುದ್ದಿ ಬರೆದೆ. ಎಲ್ಲರೂ ಅಕ್ಕನನ್ನು ಒಪ್ಪಿದರೆಂದು ಹೇಳಲಾರೆ. ಕೆಲವು ಮನೆಗಳವರು ಮುಂದೆ ಮದುವೆಗೆ ಬೇರೆ ಸ್ಟುಡಿಯೊದವರನ್ನು ಕರೆದರು. ಅದರ ಬಗ್ಗೆ ಅಕ್ಕ ದೂರಿದ್ದನ್ನು ನಾನು ಕೇಳಿಲ್ಲ. ಬದಲಾದದ್ದು ಒಂದೇ. ಅಂದಿನಿಂದ ಯಾರ ಫೋಟೊ ತೆಗೆಯುವ ಮೊದಲೂ ಅವರು ಕ್ಯಾಮೆರಾ ಇಳಿಸಿ, ಕತ್ತು ಚಾಚಿ, ಹಿಂದೆ ಯಾರಾದ್ರೂ ನಿಂತವ್ರಾ ಎಂದು ಕೇಳುತ್ತಿದ್ದರು. ಇದ್ದರೆ ಅವರೂ ಸ್ಪಷ್ಟವಾಗಿ ಬರುವಂತೆ ಕ್ಯಾಮೆರಾ ತಿರುಗಿಸಿಕೊಳ್ಳುತ್ತಿದ್ದರು. ಹಿಂದಿನದನ್ನೆಲ್ಲ ಫೋನೇ ಅಳಿಸಿಕೊಡುವ ಕಾಲ ಬಂದ ಮೇಲೂ, ಹಾಗೇ ಮಾಡಿಕೊಡಿ ಎಂದು ಬಂದ ಹುಡುಗರಿಗೂ, ಮೊದಲು ಅದೇ ಪ್ರಶ್ನೆ. ಮರವಿದ್ದರೆ ಕರಗಿಸುತ್ತಿದ್ದರು. ಗೋಡೆಯಿದ್ದರೆ ಕರಗಿಸುತ್ತಿದ್ದರು. ಮನುಷ್ಯರನ್ನಲ್ಲ...

ಕಳೆದ ವರ್ಷ ಅಕ್ಕ ತೀರಿಹೋದರು. ಸ್ಟುಡಿಯೊ ಇದ್ದ ಮಳಿಗೆಯಲ್ಲಿ ಈಗ ಕೊರಿಯರ್ ಕಚೇರಿ ಇದೆ.

ಕೆಂಪರಾಜುವಿನ ತಾಯಿಗೆ ಇದು ಗೊತ್ತಿರಲಿಲ್ಲ. ನಾನು ಫೋಟೊ ನೋಡುತ್ತ ನಿಂತದ್ದನ್ನು ಕಂಡು, ಹಣೆಗೆ ಇಟ್ಟುಕೊಳ್ಳುತ್ತಿದ್ದ ಕುಂಕುಮದ ಬಟ್ಟಲು ಹಿಡಿದೇ ಹತ್ತಿರ ಬಂದರು. ಬಿಲ್ಲೆಗೆ ಕುಂಕುಮ ಇಡುವವರು ಅವರೇ. ಬಿಸಿಲು ಅಮ್ಮನದೇ ಎಂದು ಅಕ್ಕನೇ ಹೇಳಿದ್ದರಲ್ಲ ಎಂದರು. ಈ ವರ್ಷ ಸರದಿ ಮಗನದು ಎಂದೂ ಹೇಳಿದರು. ನಂತರ, "ಅಕ್ಕ ಚೆನ್ನಾಗವ್ರಾ ಸಾಮಿ?" ಎಂದು ಕೇಳಿದರು.

ಹೇಳಿದೆ.

ಅವರು ಎರಡನೆಯ ಚೌಕಟ್ಟಿನ ಮುಂದೆ ನಿಂತು, ಬಾಗಿಲ ಬೆಳಕಿಗೆ ಅಂಗೈ ಅಡ್ಡ ಹಿಡಿದರು. ಗಾಜಿನ ಹೊಳಪು ಹೋಗಿ ಚಿತ್ರ ಕಂಡಿತು. ಬಿಸಿಲು ಬಂದ ಆ ಎರಡನೆಯ ಸಲ ತೆಗೆದವುಗಳಲ್ಲಿ ಅವರೇ ಆರಿಸಿಕೊಂಡದ್ದು. ಮಗನ ಮುಖ ಸ್ಪಷ್ಟವಾಗಿತ್ತು, ಎದೆಯ ಮೇಲೆ ಬಿಲ್ಲೆಗಳಿರಲಿಲ್ಲ. ಬಿಲ್ಲೆ ಇರುವುದನ್ನು ಆರಿಸಿಕೊಂಡರೆ ಮಾದೇಶನ ಮನೆಯವರಿಗೆ ನೋವಾದೀತೆಂದು ಅದನ್ನು ಬಿಟ್ಟಿದ್ದರು. ಮೇಲಿನ ಅಂಚಿನಲ್ಲಿ ಒಂದು ಕಪ್ಪು ಮಸುಕು ಇತ್ತು. ಕತ್ತರಿಸಿ ಕೊಡುತ್ತೇನೆಂದು ಅಕ್ಕ ಹೇಳಿದಾಗ, ಇರಲಿ ಬಿಡವ್ವ ಎಂದು ಹಾಗೇ ತಂದಿದ್ದರಂತೆ.

"ಇದು ಅಕ್ಕನ ಕೈ" ಎಂದರು.

ಬಟ್ಟಲಿಗೆ ಬೆರಳದ್ದಿ, ಆ ಮಸುಕಿನ ಮೇಲೂ ಒಂದು ಬೊಟ್ಟು ಇಟ್ಟರು.